ಸಿಡಿಲಿಗೊಂದು ದಾರಿ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಮೇಷ್ಟ್ರೇ, ಹೊಸ ಟಿ.ವಿ. ತಂದಿದ್ದೇನೆ. ಯಾವ ಸರ್ಜ್ ಪ್ರೊಟೆಕ್ಟರ್ ಕೊಳ್ಳಲಿ?" ಎಂದು ಕೇಳಿದ. "ಮೊದಲು ಮನೆಗೆ ಅರ್ಥಿಂಗ್ ಇದೆಯೇ ನೋಡಪ್ಪ" ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ಈ ಮಾತಿನ ಹಿಂದೆ ಇನ್ನೂರೈವತ್ತಕ್ಕೂ ಮಿಕ್ಕಿದ ವರ್ಷಗಳ ಇತಿಹಾಸವಿದೆ.

ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದ ಪ್ರಯೋಗವನ್ನು 1752ರಲ್ಲಿ ಫ್ರಾನ್ಸಿನಲ್ಲಿ ನಡೆಸಿದಾಗ ಸಿಡಿಲು ವಿದ್ಯುತ್ತೇ ಎಂಬುದು ದೃಢವಾಯಿತು. ಆತನ ಸಿಡಿಲುಕಂಬಿಯ ತತ್ತ್ವ ಸರಳ. ಸಿಡಿಲನ್ನು ಅಡ್ಡಗಟ್ಟಲಾಗದು, ನೆಲಕ್ಕಿಳಿಯಲು ಸುಲಭವಾದ ದಾರಿ ಮಾಡಿಕೊಡಬಹುದು, ಅಷ್ಟೆ.

ಮುಂದೆ ವಿದ್ಯುತ್ ತಂತಿಗಳು ಬಂದವು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ ಹರಿದದ್ದು ಸುಮಾರು 147 ಕಿಲೋಮೀಟರ್ ದೂರ. ಹೀಗೆ ಬಯಲಲ್ಲಿ ಹಾಯುವ ತಂತಿಯ ಸಮೀಪ ಸಿಡಿಲೆರಗಿದರೂ ಸಾಕು, ಅದರಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟುಗಳ ಉಬ್ಬರವೇಳುತ್ತದೆ. ಅಂದಿನ ಉಪಾಯವೆಂದರೆ ತಂತಿಗೂ ನೆಲದ ಜೋಡಣೆಗೂ ನಡುವೆ ಕಿರಿದಾದ ಗಾಳಿಯ ಅಂತರ. ಉಬ್ಬರವು ಕಿಡಿಯಾಗಿ ಅದನ್ನು ದಾಟಿ ಭೂಮಿ ಸೇರುತ್ತಿತ್ತು. ತೊಡಕೆಂದರೆ, ಅದರ ಬೆನ್ನಿಗೇ ಮಾಮೂಲಿನ ವಿದ್ಯುತ್ತೂ ಅದೇ ದಾರಿ ಹಿಡಿಯುತ್ತಿತ್ತು!

ಜಪಾನಿನ ಮತ್ಸುಶಿತ ಸಂಸ್ಥೆಯ ಮಿಚಿಯೊ ಮತ್ಸುವೊಕ 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸತುವಿನ ಆಕ್ಸೈಡಿನ ಪಿಂಗಾಣಿಯ ಸೋಜಿಗದ ಗುಣವೊಂದನ್ನು ವಿವರಿಸಿದರು. ವೋಲ್ಟೇಜು ಮಿತಿಯೊಳಗಿರುವಾಗ ಅದು ವಿದ್ಯುತ್ತನ್ನು ಬಹುಮಟ್ಟಿಗೆ ಬಿಡುವುದಿಲ್ಲ. ಮಿತಿಮೀರಿದೊಡನೆ ಹಾದಿ ತೆರೆಯುತ್ತದೆ. ಉಬ್ಬರವಿಳಿದೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ಸರ್ಜ್ ಪ್ರೊಟೆಕ್ಟರಿನೊಳಗಿನ ನಾಣ್ಯದಂತಹ ಬಿಲ್ಲೆ ಇದೇ. ವೇರಿಸ್ಟರ್ ಎಂಬುದು ಅದರ ಹೆಸರು. ಫೇಸು ಮತ್ತು ನ್ಯೂಟ್ರಲ್ ನಡುವಿನ ಬಿಲ್ಲೆ ಅರ್ಥಿಂಗ್ ಇಲ್ಲದೆಯೂ ಒಂದಿಷ್ಟು ಕಾಪಾಡೀತು. ನೆಲಕ್ಕೆ ಜೋಡಿಸಿದ ಬಿಲ್ಲೆಗಳಿಗೆ ಮಾತ್ರ ನೆಲವೇ ಇಲ್ಲದಿದ್ದರೆ ಕೆಲಸವೆಲ್ಲಿ?

ಪ್ರತಿ ಪೆಟ್ಟಿಗೂ ಈ ಬಿಲ್ಲೆ ಸವೆಯುತ್ತದೆ. ಆದ್ದರಿಂದ ಕೊಳ್ಳುವಾಗ ಜೂಲ್ ಸಂಖ್ಯೆ ಹೆಚ್ಚಿರುವುದನ್ನೂ, ರಕ್ಷಣೆ ಉಳಿದಿದೆಯೇ ಎಂದು ತೋರಿಸುವ ಪ್ರತ್ಯೇಕ ದೀಪವಿರುವುದನ್ನೂ ಆರಿಸಬೇಕು. ನನ್ನ ಹಳೆಯ ಪೆಟ್ಟಿಗೆಯಲ್ಲಿದ್ದದ್ದು ಬರೀ ಸ್ವಿಚ್ಚಿನ ಕೆಂಪುದೀಪ. ಒಂದು ಮುಂಗಾರಿನ ಸಂಜೆ ಕಂಪ್ಯೂಟರ್ ಸುಟ್ಟುಹೋದ ಮೇಲೂ ಅದು ನಿಶ್ಚಿಂತೆಯಿಂದ ಉರಿಯುತ್ತಿತ್ತು. ಹತ್ತು ವರ್ಷಗಳ ಟಿಪ್ಪಣಿಗಳು ಅದರೊಡನೆ ಹೋದವು. ನ್ಯೂಟ್ರಲ್ ತಂತಿ ಕಡಿದು 230 ವೋಲ್ಟು ಇರಬೇಕಾದಲ್ಲಿ 400ರ ಸಮೀಪ ಬಂದು ನಿಂತರೆ ಈ ಬಿಲ್ಲೆಯೇ ಕಾದು ಹೊತ್ತಿಕೊಂಡೀತು. ಶಾಖಕ್ಕೆ ಕಡಿದುಕೊಳ್ಳುವ ಫ್ಯೂಸ್ ಒಳಗಿರುವುದು ಅವಶ್ಯ.

ನಿನ್ನೆ ಆ ಶಿಷ್ಯ ಮತ್ತೆ ಕರೆ ಮಾಡಿದ. ಪ್ಲಗ್ಗಿನ ಮೂರನೆಯ ತೂತಿಗೆ ತಂತಿಯನ್ನೇ ಎಳೆದಿರಲಿಲ್ಲವಂತೆ. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾನೆ. ಅಲ್ಲಿಯವರೆಗೆ ಮೋಡ ಕವಿದಾಗಲೆಲ್ಲ ಪ್ಲಗ್ಗನ್ನೂ ಕೇಬಲ್ ತಂತಿಯನ್ನೂ ಕಿತ್ತಿಡು ಎಂದಿದ್ದೇನೆ.