ನೀರಡಿ ಇಳಿಯುವವರಿಗೆ ಮೇಲ್ಮೈಯ ಗುರುತು: ಸ್ಕೂಬಾ ಬೆಂಡಿನ ಆಯ್ಕೆ ಮತ್ತು ಬಳಕೆ

ಜಮಖಂಡಿ: ಕೃಷ್ಣಾ ನದಿಯಲ್ಲಿ ಬಲೆ ಇಳಿಬಿಡುವ ಮೀನುಗಾರರು ಅದರ ಮೇಲಂಚಿಗೆ ಬೆಂಡು ಕಟ್ಟುತ್ತಾರೆ. ಬಲೆಯನ್ನು ಎತ್ತಿ ಹಿಡಿಯುವುದರ ಜತೆಗೆ, ಅದು ನೀರಿನೊಳಗೆ ಎಲ್ಲಿದೆ ಎಂಬುದನ್ನೂ ಬೆಂಡು ದೋಣಿಯವರಿಗೆ ತಿಳಿಸುತ್ತದೆ. ಗಾಳಿಯ ಸಿಲಿಂಡರ್ ಹೊತ್ತು ಸಮುದ್ರಕ್ಕೆ ಇಳಿಯುವ ಸ್ಕೂಬಾ ಮುಳುಗುಗಾರರು ಬಳಸುವ ‘ಸರ್ಫೇಸ್ ಮಾರ್ಕರ್ ಬೋಯ್’ ಕೂಡ ಇದೇ ತತ್ವದ ಸಾಧನ. ಗಾಳಿ ತುಂಬಿದಾಗ ನೀರಿನ ಮೇಲೆ ನೆಟ್ಟಗೆ ನಿಲ್ಲುವ ಗಾಢ ಬಣ್ಣದ ಉದ್ದನೆಯ ಚೀಲ, ಅದಕ್ಕೆ ಕಟ್ಟಿದ ದಾರ. ಇಷ್ಟೇ ಅದರ ರಚನೆ.

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಿಗೆ ಸಮುದ್ರ ದೂರವಾದರೂ ನೀರು ಹೊಸತಲ್ಲ. ಕೃಷ್ಣಾ, ಘಟಪ್ರಭಾ ನದಿಗಳು, ಹಿಪ್ಪರಗಿ ಬ್ಯಾರೇಜ್, ಆಲಮಟ್ಟಿ ಹಿನ್ನೀರು ಇಲ್ಲಿನ ಜನಜೀವನದ ಭಾಗವೇ ಆಗಿವೆ. ನದಿಯಲ್ಲಿ ಈಜು ಕಲಿತ ಯುವಕರು ಸ್ಕೂಬಾ ಅನುಭವಕ್ಕಾಗಿ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದತ್ತ ಹೊರಡುವಾಗ, ‘ಈಜು ಬರುತ್ತದೆ, ಭಯವೇನು’ ಎಂಬ ಧೈರ್ಯ ಜತೆಗಿರುವುದು ಸಹಜ. ಆದರೆ ಸಮುದ್ರದಲ್ಲಿ ಈಜುವ ಶಕ್ತಿಯಷ್ಟೇ ಮುಖ್ಯವಾದದ್ದು ದೋಣಿಯವರ ಕಣ್ಣಿಗೆ ಬೀಳುವುದು.

ಏಕೆ ಬೇಕು?

ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ ರಾಜ್ಯದಲ್ಲಿ ಸ್ಕೂಬಾಗೆ ಹೆಸರಾದ ತಾಣ. ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ಈ ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಇಲ್ಲಿ ಮುಳುಗು ಚಟುವಟಿಕೆ ಇರುವುದಿಲ್ಲ.

ತೆರೆಗಳ ನಡುವೆ ಮೇಲೆದ್ದ ಮನುಷ್ಯನ ತಲೆ, ದೋಣಿಯಲ್ಲಿ ನಿಂತು ನೋಡುವವರಿಗೆ ತೇಲುವ ತೆಂಗಿನಕಾಯಿಯಷ್ಟೇ ಕಾಣುತ್ತದೆ. ಪ್ರವಾಹ ಮುಳುಗುಗಾರನನ್ನು ದೋಣಿಯಿಂದ ದೂರ ಒಯ್ದಿದ್ದರೆ ಅದೂ ಕಾಣದು. ಇನ್ನೊಂದು ಅಪಾಯವೂ ಇದೆ. ಯಾರೂ ಇಲ್ಲವೆಂದು ಭಾವಿಸಿ ಬರುವ ದೋಣಿಯ ಪ್ರೊಪೆಲರ್, ಮೇಲೇರುತ್ತಿರುವವರಿಗೆ ತಗುಲಬಹುದು. ಆಳುದ್ದದ ಕಿತ್ತಳೆ ಬಣ್ಣದ ಬೆಂಡು ಈ ಎರಡೂ ಅಪಾಯಗಳನ್ನು ತಗ್ಗಿಸುತ್ತದೆ.

ಹಾಗೆಂದು ಬೆಂಡೊಂದೇ ಸಾಲದು. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ದೋಣಿ ದಡಕ್ಕೆ ಮರಳಿತ್ತು. ತಲೆ ಎಣಿಕೆಯಲ್ಲಿ ತಪ್ಪಾಗಿತ್ತು. ಇಬ್ಬರು ಕಾಣೆಯಾಗಿರುವುದು ಗೊತ್ತಾದದ್ದು ಎರಡು ದಿನಗಳ ನಂತರ. ಅವರು ಸಿಗಲೇ ಇಲ್ಲ. ಮೇಲೆ ನೋಡುವವರು ಇಲ್ಲದಿದ್ದರೆ ಯಾವ ಗುರುತೂ ವ್ಯರ್ಥ ಎಂಬುದಕ್ಕೆ ಈ ದುರಂತ ಸಾಕ್ಷಿ.

ಎರಡು ಬಗೆ

ಮೊದಲನೆಯದು, ಮುಳುಗುವ ಮುನ್ನವೇ ಗಾಳಿ ತುಂಬಿ, ಕೊನೆಯವರೆಗೂ ದಾರದಿಂದ ಎಳೆದುಕೊಂಡು ಹೋಗುವ ಬೆಂಡು. ತಂಡ ಯಾವ ಕಡೆ ಸಾಗುತ್ತಿದೆ ಎಂಬುದು ದೋಣಿಗೆ ಸದಾ ತಿಳಿಯುತ್ತಿರುತ್ತದೆ. ಎರಡನೆಯದು, ಸುರುಳಿ ಸುತ್ತಿ ಜತೆಗೆ ಒಯ್ದು, ಮೇಲೇರುವ ಹೊತ್ತಿಗೆ ನೀರಿನೊಳಗಿಂದಲೇ ಗಾಳಿ ತುಂಬಿ ಮೇಲಕ್ಕೆ ಬಿಡುವ ಬೆಂಡು. ಇದನ್ನು ‘ಡಿಎಸ್‌ಎಂಬಿ’ ಎನ್ನುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವುದು ಇದೇ.

ಆಯ್ಕೆ ಹೇಗೆ?

ಉದ್ದ: 1ರಿಂದ 1.8 ಮೀಟರ್ ಉದ್ದದ ಬೆಂಡುಗಳು ಸಾಮಾನ್ಯ. ಉದ್ದ ಹೆಚ್ಚಿದಷ್ಟೂ ದೂರಕ್ಕೆ ಕಾಣುತ್ತದೆ, ಆದರೆ ತುಂಬಬೇಕಾದ ಗಾಳಿಯೂ ಮೇಲಕ್ಕೆ ಸೆಳೆಯುವ ಬಲವೂ ಹೆಚ್ಚುತ್ತವೆ. 1.2 ಮೀಟರ್ ಉದ್ದ, 15 ಸೆಂ.ಮೀ. ವ್ಯಾಸದ ಬೆಂಡು ಪೂರ್ತಿ ತುಂಬಿದಾಗ ಸುಮಾರು 21 ಲೀಟರ್ ಗಾಳಿ ಹಿಡಿಯುತ್ತದೆ. ಅಂದರೆ ಪೂರ್ತಿ ಮುಳುಗಿದಾಗ ಸುಮಾರು 21 ಕೆ.ಜಿ.ಯಷ್ಟು ಮೇಲ್ಸೆಳೆತ. ಹೊಸಬರಿಗೆ ಮಧ್ಯಮ ಗಾತ್ರ ಒಳಿತು.

ಬಣ್ಣ: ಹೊಳೆಯುವ ಕಿತ್ತಳೆ ಅಥವಾ ಕೆಂಪು ಎಲ್ಲೆಡೆ ರೂಢಿ. ಕೆಲವು ಕಡೆ ಹಳದಿ ಬಣ್ಣವನ್ನು ‘ನೆರವು ಬೇಕು’ ಎಂಬ ಸೂಚನೆಗೆ ಮೀಸಲಿಡುತ್ತಾರೆ. ಈ ಅರ್ಥ ಎಲ್ಲ ಕಡೆ ಒಂದೇ ಅಲ್ಲವಾದ್ದರಿಂದ, ನೀರಿಗಿಳಿಯುವ ಮುನ್ನ ದೋಣಿಯವರೊಂದಿಗೆ ಮಾತನಾಡಿಕೊಳ್ಳಬೇಕು.

ಬಾಯಿ: ಅಡಿಭಾಗ ತೆರೆದಿರುವ ಬೆಂಡಿಗೆ ಗಾಳಿ ತುಂಬುವುದು ಸುಲಭ, ಆದರೆ ಮೇಲೆ ವಾಲಿದರೆ ಗಾಳಿ ಸೋರುತ್ತದೆ. ಒಳಹೋದ ಗಾಳಿ ಹೊರಬಾರದಂತೆ ತಡೆಯುವ ಬಾಯಿ ಇದ್ದರೆ ಉತ್ತಮ. ಅಂಥ ಬೆಂಡಿಗೆ ಹೆಚ್ಚಿನ ಒತ್ತಡ ಹೊರಬಿಡುವ ವಾಲ್ವ್ ಇರಲೇಬೇಕು. ಮೇಲೇರಿದಂತೆ ಒಳಗಿನ ಗಾಳಿ ಹಿಗ್ಗುವುದರಿಂದ, ವಾಲ್ವ್ ಇಲ್ಲದಿದ್ದರೆ ಚೀಲ ಒಡೆಯಬಹುದು.

ದಾರ ಮತ್ತು ಸ್ಪೂಲ್: ರಬಕವಿ-ಬನಹಟ್ಟಿಯ ನೇಕಾರರಿಗೆ ಕಂಡಿಕೆಯ ಮಹತ್ವ ಹೇಳಬೇಕಿಲ್ಲ. ನೂಲು ಸರಾಗವಾಗಿ ಬಿಚ್ಚಿದರೆ ಮಾತ್ರ ಲಾಳಿ ಓಡುತ್ತದೆ. ಸ್ಪೂಲ್‌ನ ಗುಣವೂ ಅದೇ. ಹಿಡಿಕೆ, ಗೇರ್ ಇರುವ ರೀಲ್‌ಗಿಂತ ಸರಳ ಸ್ಪೂಲ್‌ನಲ್ಲಿ ದಾರ ಸಿಕ್ಕಿಕೊಳ್ಳುವ ಸಂಭವ ಕಡಿಮೆ. ಬೆಂಡು ಬಿಡುವ ಆಳಕ್ಕಿಂತ ದಾರ ಉದ್ದವಾಗಿರಲಿ. ಪ್ರವಾಹದಲ್ಲಿ ದಾರ ಓರೆಯಾಗಿ ಸಾಗುತ್ತದೆ.

ಬಳಸುವ ಕ್ರಮ

1. ಬೆಂಡು ಬಿಡುವ ಮುನ್ನ ಒಂದೇ ಆಳದಲ್ಲಿ ಸ್ಥಿರವಾಗಿ ನಿಲ್ಲಬೇಕು. ತಲೆಯ ಮೇಲೆ ದೋಣಿ ಅಥವಾ ಬೇರೆ ಮುಳುಗುಗಾರರು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಜತೆಗಾರರು ಗಮನಿಸುತ್ತಿರಬೇಕು.

2. ಸುರುಳಿ ಬಿಚ್ಚಿ ಸ್ವಲ್ಪವೇ ಗಾಳಿ ತುಂಬಿದರೆ ಬೆಂಡು ನೆಟ್ಟಗಾಗುತ್ತದೆ. ದಾರ ಕೈಗೆ, ಸಿಲಿಂಡರ್‌ಗೆ ಅಥವಾ ಮೀಟರ್ ಕೊಳವೆಗೆ ಸುತ್ತಿಕೊಂಡಿಲ್ಲ ಎಂಬುದನ್ನು ಆಗಲೇ ನೋಡಬೇಕು.

3. ನಂತರ ಹೆಚ್ಚುವರಿ ರೆಗ್ಯುಲೇಟರ್‌ನಿಂದ ಅಥವಾ ಉಸಿರು ಬಿಟ್ಟ ಗುಳ್ಳೆಗಳಿಂದ ಉಳಿದ ಗಾಳಿ ತುಂಬಿ ಕೈಬಿಡಬೇಕು. ಸ್ಪೂಲ್ ಬೆರಳುಗಳ ನಡುವೆ ಸಡಿಲವಾಗಿ ತಿರುಗಲಿ. ಈ ಹೊತ್ತಿನಲ್ಲಿ ಉಸಿರು ಕಟ್ಟಿ ಹಿಡಿಯಲೇಬಾರದು.

4. ದಾರವನ್ನು ಬಿಗಿಯಾಗಿ ಹಿಡಿದು, ಸುತ್ತಿಕೊಳ್ಳುತ್ತಾ ನಿಮಿಷಕ್ಕೆ 9 ಮೀಟರ್ ಮೀರದಂತೆ ಮೇಲೇರಬೇಕು. 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವುದು ವಾಡಿಕೆ.

5. ಮೇಲೆ ಬಂದ ಮೇಲೂ ದೋಣಿ ಗುರುತಿಸುವವರೆಗೆ ಬೆಂಡನ್ನು ನೆಟ್ಟಗೆ ಹಿಡಿದಿರಬೇಕು. ಜತೆಗೊಂದು ಸೀಟಿ ಇದ್ದರೆ ಒಳ್ಳೆಯದು.

ಬೆಂಡನ್ನು ಪೂರ್ತಿ ತುಂಬಿಸುವ ಅಗತ್ಯವಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿ ಅರ್ಧ ತುಂಬಿದ ಬೆಂಡು ಮೇಲೆ ಬರುವಷ್ಟರಲ್ಲಿ ತಾನೇ ಪೂರ್ತಿ ತುಂಬಿಕೊಳ್ಳುತ್ತದೆ. 20 ಮೀಟರ್‌ನಲ್ಲಾದರೆ ಮೂರನೇ ಒಂದು ಭಾಗ ಸಾಕು.

ಸಿಕ್ಕಿಕೊಂಡರೆ ಬಿಟ್ಟುಬಿಡಿ

ಅತ್ಯಂತ ಮುಖ್ಯ ನಿಯಮವಿದು. ಬೆಂಡು ಬಿಡುವಾಗ ಸ್ಪೂಲನ್ನು ಮೈಮೇಲಿನ ಜಾಕೆಟ್‌ಗೆ ಎಂದೂ ಸಿಕ್ಕಿಸಿರಬಾರದು. ದಾರ ತೊಡಕಾದರೆ ಹಿಗ್ಗುತ್ತಿರುವ ಬೆಂಡು ಮನುಷ್ಯನನ್ನೂ ಮೇಲಕ್ಕೆ ಸೆಳೆದೊಯ್ಯುತ್ತದೆ. ಹಾಗೆ ರಭಸದಿಂದ ಮೇಲೇರಿದರೆ ಶ್ವಾಸಕೋಶಕ್ಕೆ ಹಾನಿಯಾಗಬಹುದು. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗಿ ಪ್ರಾಣಕ್ಕೂ ಕುತ್ತು ತರಬಹುದು. ಸಾಮಾನು ಹೋದರೆ ಹೋಗಲಿ, ಕೈಬಿಡುವುದೇ ಸರಿ.

ನದಿಯ ಲೆಕ್ಕ ಬೇರೆ

ನೇತ್ರಾಣಿಯಲ್ಲಿ ಕಲಿತ ವಿದ್ಯೆಯನ್ನು ಕೃಷ್ಣೆಯಲ್ಲೋ ಘಟಪ್ರಭೆಯಲ್ಲೋ ಪ್ರಯೋಗಿಸುವ ಸಾಹಸ ಸಲ್ಲದು. 2005, 2009, 2019ರ ನೆರೆಗಳಲ್ಲಿ ಈ ನದಿಗಳ ರಭಸವನ್ನು ಜಿಲ್ಲೆ ಕಂಡಿದೆ. ನೆರೆ ಇಳಿದ ಮೇಲೂ ಕೆಸರು ನೀರಿನಲ್ಲಿ ಕೈಯಳತೆಯ ವಸ್ತುವೂ ಕಾಣುವುದಿಲ್ಲ. ಆಲಮಟ್ಟಿ ಹಿನ್ನೀರಿನಡಿ ಮುಳುಗಿದ ಊರುಗಳ ಗೋಡೆ, ಮರಗಳಿವೆ. ನದಿಯಂಚಿನಲ್ಲಿ ಪಂಪ್‌ಸೆಟ್ ಪೈಪು, ಕೇಬಲ್, ಬಲೆಗಳಿವೆ. ಇಂಥಲ್ಲಿ ಬೆಂಡಿನ ದಾರವೇ ಉರುಳಾಗಬಹುದು.

ಕಣ್ಣು ಕಾಣದ ನೀರಿನಲ್ಲಿ ಶೋಧ ನಡೆಸುವ ತರಬೇತಾದ ಮುಳುಗುಗಾರರ ಪದ್ಧತಿಯೇ ಬೇರೆ. ಮೈಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ದೋಣಿಯಲ್ಲಿರುವವರು ಹಿಡಿದಿರುತ್ತಾರೆ. ಹಗ್ಗದ ಎಳೆತವೇ ಅವರ ಮಾತು. ಅಲ್ಲಿ ಬೆಂಡಿನ ಕೆಲಸ, ವ್ಯಕ್ತಿ ಕೊನೆಯದಾಗಿ ಕಂಡ ಸ್ಥಳವನ್ನು ಭಾರ ಕಟ್ಟಿ ಗುರುತಿಸುವುದು. ಯಾರಾದರೂ ಮುಳುಗಿದಾಗ ದಡದಲ್ಲಿರುವವರು ತಾವೂ ಹಾರದೆ, ಆ ಜಾಗವನ್ನು ಮರ ಅಥವಾ ಕಂಬದ ನೇರಕ್ಕೆ ನೋಡಿಟ್ಟುಕೊಂಡು ಅಗ್ನಿಶಾಮಕ ದಳಕ್ಕೆ ತಿಳಿಸಿದರೆ ಅದೇ ದೊಡ್ಡ ಉಪಕಾರ.

ದೋಣಿ ಹತ್ತುವ ಮುನ್ನ

ಮೊದಲ ಬಾರಿ ಇಳಿಯುವವರ ಜತೆ ಬೋಧಕರು ಇರುತ್ತಾರೆ, ಬೆಂಡಿನ ಹೊಣೆಯೂ ಅವರದೇ. ಆದರೂ ಮೂರು ಪ್ರಶ್ನೆ ಕೇಳಲು ಸಂಕೋಚ ಬೇಡ. ಬೆಂಡು ಯಾರ ಬಳಿ ಇದೆ? ಇಳಿದವರನ್ನು, ಹತ್ತಿದವರನ್ನು ಎಣಿಸುವವರು ಯಾರು? ನಾವು ನೀರಿನಲ್ಲಿರುವಾಗ ದೋಣಿಯಲ್ಲಿ ನಿಂತು ನೋಡುವವರು ಯಾರು?

ತರಬೇತಿ ಪಡೆದು ಸ್ವಂತ ಬೆಂಡು ಕೊಳ್ಳುವವರು ಮೊದಲು ಈಜುಕೊಳದಲ್ಲಿ ಬೋಧಕರ ಎದುರು ಹಲವು ಬಾರಿ ಅಭ್ಯಾಸ ಮಾಡಬೇಕು. ಬಳಸಿದ ನಂತರ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ದಾರವನ್ನು ಹೊಸದಾಗಿ ಸುತ್ತಿಡಬೇಕು. ಇದು ಲೈಫ್ ಜಾಕೆಟ್‌ಗೆ ಬದಲಿಯಲ್ಲ ಎಂಬುದೂ ನೆನಪಿರಲಿ. ಬೆಂಡು ನಮ್ಮನ್ನು ತೇಲಿಸುವುದಿಲ್ಲ, ನಾವು ಎಲ್ಲಿದ್ದೇವೆ ಎಂದು ಹೇಳುತ್ತದೆ ಅಷ್ಟೆ.