ಮಲ್ಪೆಯ ಬೋಟು ಉದ್ದವಾದ ಬಗೆ

ಮಲ್ಪೆ, ಮಂಗಳೂರಿನ ಮೀನುಗಾರರು ಸಣ್ಣ ಟ್ರಾಲ್‌ಬೋಟಿನಿಂದ ದೊಡ್ಡದಕ್ಕೆ ಹೋದದ್ದು ಮೀನು ದೂರವಾದ ಕಾರಣಕ್ಕೆ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಬೋಟಿಗೆ ದಡದ ಹತ್ತಿರದ ಸಿಗಡಿಯೇ ಮುಖ್ಯ ಆದಾಯ. ಬೋಟುಗಳು ಹೆಚ್ಚಿ ಪಾಲು ಕುಗ್ಗಿದಾಗ, 1980ರ ದಶಕದಿಂದ ಮಾಲೀಕರು ಆಳಸಮುದ್ರದತ್ತ ತಿರುಗಿದರು. ದಿನಗಟ್ಟಲೆ ಕಡಲಲ್ಲಿರಲು ದೊಡ್ಡ ಡೀಸೆಲ್ ಟ್ಯಾಂಕು, ಮಂಜುಗಡ್ಡೆಯಲ್ಲಿ ಮೀನಿಡುವ ಕೋಣೆ, ಆಳುಗಳು ಮಲಗುವ ಜಾಗ ಬೇಕು. ಬೋಟು ಉದ್ದವಾದದ್ದು ಈ ಮೂರರ ಲೆಕ್ಕದಲ್ಲಿ.

ದೊಡ್ಡ ಬೋಟು ಹೆಚ್ಚು ಸುರಕ್ಷಿತವಲ್ಲವೇ ಎಂದು ಕೇಳಬಹುದು. ಒಂದೇ ಎತ್ತರದ ಅಲೆಯ ಎದುರು, ಹೌದು. ಆದರೆ ಅದು ದಡದಿಂದ ಹೆಚ್ಚು ದೂರ, ಹೆಚ್ಚು ದಿನ ಇರುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಕಡಲಲ್ಲಿ. ದೊಡ್ಡ ಬೋಟು ದುಡಿಮೆಯ ವ್ಯಾಪ್ತಿಯನ್ನು ಹಿಗ್ಗಿಸಿತು, ಅಪಾಯದ ವ್ಯಾಪ್ತಿಯನ್ನೂ.