ಬೀಡು ಕಬ್ಬಿಣದ ಬಿರುಕು: ಕಾಫಿ ಮಲೆಯ ಜೀಪುಗಳ ಚರಿತ್ರೆಯಿಂದ

ಕಾಫಿ ಮಲೆಯ ಚರಿತ್ರೆಯನ್ನು ಬಾಬಾಬುಡನ್ ತಂದರೆನ್ನಲಾದ ಏಳು ಬೀಜಗಳಿಂದ ಆರಂಭಿಸುವುದು ರೂಢಿ. ಅದೇ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು 1923ರಿಂದ ಭದ್ರಾವತಿಯಲ್ಲಿ ಬೀಡು ಕಬ್ಬಿಣವಾಗತೊಡಗಿದ್ದನ್ನು ನೆನೆಯುವವರು ಕಡಿಮೆ. ಇಲ್ಲಿಯ ವಿಷಯವೂ ಬೀಡೇ, ಆದರೆ ಎಂಜಿನ್ ಬ್ಲಾಕಿನ ರೂಪದ್ದು.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1947ರಿಂದ ಭಾರತದಲ್ಲಿ ಜೋಡಿಸತೊಡಗಿತು. ನಾಲ್ಕೂ ಚಕ್ರಗಳಿಗೆ ಬಲ ಸಿಗುವ ಈ ಬಂಡಿ ತೋಟದ ಕೆಸರು ದಾರಿಗೆ ಹೇಳಿ ಮಾಡಿಸಿದಂತಿತ್ತು. ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದದ್ದೇ 2013ರಲ್ಲಿ. ಮೂಡಿಗೆರೆ, ಕಳಸಗಳಿಗೆ ಇನ್ನೂ ಇಲ್ಲ. ಕೊಯ್ಲಿನ ಆಳುಗಳಿರಲಿ, ಆಸ್ಪತ್ರೆಗೆ ಹೊರಟ ರೋಗಿಯಿರಲಿ, ರಸ್ತೆಯ ವಾಹನವೇ ಗತಿ. ಆದ್ದರಿಂದ ಹಳೆಯ ಎಂಜಿನ್ನಿಗೆ ಮರುಜೀವ ಕೊಡುವ ಕೆಲಸಕ್ಕೆ ಇಲ್ಲಿ ವಿಶೇಷ ಬೆಲೆ. ಸಿಲಿಂಡರು ಸವೆದರೆ ಬೋರಿಂಗ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಮತ್ತೂ ಸವೆದರೆ ಸ್ಲೀವ್ ಕೂರಿಸಬಹುದು. ಆದರೆ ಬ್ಲಾಕು ಸೀಳಿದ್ದರೆ ಬೋರಿಂಗಿನ ಖರ್ಚೆಲ್ಲ ನೀರಿನಲ್ಲಿ ಹೋಮ. ಬಿರುಕಿನಿಂದ ನೀರು ಎಣ್ಣೆಗೆ ಸೇರಿ ಬೇರಿಂಗುಗಳು ಕೆಟ್ಟು, ಬಂಡಿ ಘಾಟಿಯ ನಡುವೆಯೇ ನಿಂತೀತು.

ಬೀಡು ಏಕೆ ಸೀಳುತ್ತದೆ? ಹೊರೆ ಹೊತ್ತು ಚಾರ್ಮಾಡಿಯಂಥ ಘಾಟಿಯನ್ನು ಮೊದಲ ಗೇರಿನಲ್ಲಿ ಏರುವಾಗ ಎಂಜಿನ್ ಹೆಚ್ಚು ದುಡಿಯುತ್ತದೆ, ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ತಗಲುವ ಗಾಳಿಯೂ ಕಡಿಮೆ. ನೀರು ಕುದಿದು ಬರಿದಾಗುತ್ತದೆ. ಆಗ ಅವಸರದಲ್ಲಿ ಹಳ್ಳದ ತಣ್ಣೀರು ಸುರಿದರೆ ಕಾದ ಲೋಹ ಒಂದೆಡೆ ಥಟ್ಟನೆ ಕುಗ್ಗುತ್ತದೆ. ಉಕ್ಕಾದರೆ ಒಂದಿಷ್ಟು ಹಿಗ್ಗಿ ತಾಳಿಕೊಂಡೀತು. ಬೀಡಿಗೆ ಆ ಗುಣವಿಲ್ಲ. ಹಳೆಯ ವಿಲ್ಲಿಸ್ ಎಂಜಿನ್ನಿನಲ್ಲಿ ವಾಲ್ವುಗಳೂ ಬ್ಲಾಕಿನಲ್ಲೇ ಇದ್ದುದರಿಂದ, ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವಣ ತೆಳು ಗೋಡೆಯನ್ನು ಮೊದಲು ನೋಡಬೇಕು.

ಕಣ್ಣಿಗೆ ಕಾಣದ ಬಿರುಕನ್ನು ಹುಡುಕುವ ಅಗ್ಗದ ಉಪಾಯ ಸೀಮೆಎಣ್ಣೆ ಮತ್ತು ಸುಣ್ಣ. ಬ್ಲಾಕಿಗೆ ಎಣ್ಣೆ ಸವರಿ, ಒರೆಸಿ, ಸುಣ್ಣದ ತೆಳು ಲೇಪ ಕೊಟ್ಟರೆ ಬಿರುಕಿನಲ್ಲಿ ಉಳಿದ ಎಣ್ಣೆ ಹೊರಬಂದು ಗೆರೆ ಮೂಡಿಸುತ್ತದೆ. ರೈಲ್ವೆ ಕಾರ್ಖಾನೆಗಳು ಬಹು ಹಿಂದೆಯೇ ಗಾಡಿಯ ಅಚ್ಚುಗಳನ್ನು ಹೀಗೆ ಪರೀಕ್ಷಿಸುತ್ತಿದ್ದವು. ಲೇಪ ಒಣಗಬೇಕಷ್ಟೆ; ಆಷಾಢದ ಮಲೆನಾಡಿನಲ್ಲಿ ಅದೇ ದೊಡ್ಡ ತಾಪತ್ರಯ!

ಕಾಂತದ ವಿಧಾನದ ಕಥೆ ಇನ್ನೂ ಸ್ವಾರಸ್ಯಕರ. 1868ರಲ್ಲಿ ಇಂಗ್ಲೆಂಡಿನ ಸ್ಯಾಕ್ಸ್‌ಬಿ ಎಂಬಾತ, ಕಾಂತಗೊಳಿಸಿದ ಕಬ್ಬಿಣದ ದೋಷವಿರುವೆಡೆ ದಿಕ್ಸೂಚಿಯ ಮುಳ್ಳು ವಾಲುವುದನ್ನು ವಿವರಿಸಿದ. 1920ರ ದಶಕದಲ್ಲಿ ಅಮೆರಿಕದ ವಿಲಿಯಂ ಹೋಕ್, ಕಾಂತದ ಹಿಡಿಕೆಯಲ್ಲಿ ಉಜ್ಜುತ್ತಿದ್ದ ವಸ್ತುವಿನ ಬಿರುಕುಗಳ ಮೇಲೆ ಕಬ್ಬಿಣದ ಪುಡಿ ಸಾಲುಗಟ್ಟಿದ್ದನ್ನು ಕಂಡ. ಇಂದಿನ ಪರೀಕ್ಷೆಯ ತಳಹದಿ ಅದೇ. ಅಲ್ಯೂಮಿನಿಯಮ್ ಬ್ಲಾಕಿಗೆ ಇದು ಒಗ್ಗದು; ಅದಕ್ಕೆ ಬಣ್ಣದ ದ್ರವ ಬೇಕು.

ನನ್ನ ದೃಷ್ಟಿಯಲ್ಲಿ ನೀರಿನ ಒತ್ತಡದ ಪರೀಕ್ಷೆಯನ್ನು ಬಿಡಲೇಬಾರದು. ನೀರು ಓಡುವ ರಂಧ್ರಗಳನ್ನೆಲ್ಲ ರಬ್ಬರು, ಉಕ್ಕಿನ ಫಲಕಗಳಿಂದ ಮುಚ್ಚಿ, ಚದರ ಇಂಚಿಗೆ ಸುಮಾರು 40 ಪೌಂಡಿನ ಒತ್ತಡ ಕೊಟ್ಟು ಎಲ್ಲಿ ಜಿನುಗುವುದೆಂದು ನೋಡುತ್ತಾರೆ. ಸಿಲಿಂಡರಿನ ಗೋಡೆಯಲ್ಲಾದರೆ ಸ್ಲೀವ್ ಹಾಕಿ ಉಳಿಸಿಕೊಳ್ಳಬಹುದು. ಕ್ರ್ಯಾಂಕ್ ಶಾಫ್ಟನ್ನು ಹೊತ್ತ ಭಾಗಕ್ಕೆ ನೀರು ಹೋಗುವುದಿಲ್ಲ. ಅಲ್ಲಿಯ ಬಿರುಕನ್ನು ಕಾಂತ ತೋರಿಸಿಕೊಟ್ಟರೆ ಆ ಬ್ಲಾಕು ಗುಜರಿಗೆ. ತಣ್ಣಗಿರುವಾಗ ಮುಚ್ಚಿಕೊಂಡು, ಕಾದಾಗ ಮಾತ್ರ ಬಾಯಿ ಬಿಡುವ ಬಿರುಕೂ ಉಂಟು. ಅದಕ್ಕಾಗಿಯೇ ಒಳ್ಳೆಯ ಕಾರ್ಖಾನೆಗಳಲ್ಲಿ ಈ ಪರೀಕ್ಷೆಯನ್ನು ಬಿಸಿನೀರಿನಲ್ಲಿ ನಡೆಸುತ್ತಾರೆ.